ಎಷ್ಟು ಪಾಲು ಜಪಾನಿ? ಹೊರದೇಶಗಳ ಮಿಶ್ರಮೂಲದ ಯುವಜನರು ಮತ್ತು ಗುರುತಿನ ಲೆಕ್ಕ

ಅಮೆರಿಕದಲ್ಲಿ ಜಪಾನಿ ಮೂಲದವರು ಎಷ್ಟು ಮಂದಿ ಎಂದು 2010ರ ಜನಗಣತಿಯನ್ನು ಕೇಳಿದರೆ ಅದು ಎರಡು ಉತ್ತರ ಕೊಡುತ್ತದೆ. ಒಂದು, 7,63,325. ಇನ್ನೊಂದು, 13,04,286. ಮೊದಲನೆಯದು ‘ಜಪಾನಿ’ ಎಂಬ ಒಂದೇ ಚೌಕಕ್ಕೆ ಟಿಕ್ ಹಾಕಿದವರ ಸಂಖ್ಯೆ. ಎರಡನೆಯದರಲ್ಲಿ ಅದರ ಜೊತೆಗೆ ಬಿಳಿಯ, ಆಫ್ರಿಕನ್ ಅಮೆರಿಕನ್, ಚೀನೀ, ಹವಾಯಿ ಮೂಲ ಅಂತ ಇನ್ನೊಂದೋ ಎರಡೋ ಚೌಕಕ್ಕೂ ಟಿಕ್ ಹಾಕಿದವರು ಸೇರಿದ್ದಾರೆ. ನಡುವಿನ ಅಂತರ ಐದು ಲಕ್ಷದ ನಲವತ್ತು ಸಾವಿರ, ಅಂದರೆ ನೂರರಲ್ಲಿ ನಲವತ್ತೊಂದು ಮಂದಿ. ಹತ್ತು ವರ್ಷ ಮೊದಲು, 2000ದಲ್ಲಿ, ಇದೇ ಎರಡು ಸಂಖ್ಯೆಗಳು 7,96,700 ಮತ್ತು 11,48,932 ಆಗಿದ್ದವು. ಈಗ ನೀವೇ ಹೇಳಿ, ಈ ಸಮುದಾಯ ಕುಗ್ಗುತ್ತಿದೆಯೋ, ಬೆಳೆಯುತ್ತಿದೆಯೋ? ಮೊದಲ ಸಾಲು ನೋಡಿದವರು ಮೂವತ್ತಮೂರು ಸಾವಿರ ಕಡಿಮೆಯಾಯಿತು ಅನ್ನುತ್ತಾರೆ. ಎರಡನೆಯ ಸಾಲು ನೋಡಿದವರು ಒಂದೂವರೆ ಲಕ್ಷ ಹೆಚ್ಚಾಯಿತು ಅನ್ನುತ್ತಾರೆ. ಇಬ್ಬರದೂ ಸರಿಯೇ. 2000ಕ್ಕೆ ಮುಂಚೆ ಈ ವಾದವೇ ಹುಟ್ಟುತ್ತಿರಲಿಲ್ಲ, ಯಾಕೆಂದರೆ ಆ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ಚೌಕಕ್ಕೆ ಟಿಕ್ ಹಾಕಲು ಅವಕಾಶವೇ ಇರಲಿಲ್ಲ.

ಮಿಶ್ರಮೂಲದ ಯುವಜನರ ಬಗ್ಗೆ ಮಾತು ಬಂದರೆ ನಾವು ಸಾಮಾನ್ಯವಾಗಿ ಅವರ ಮನಸ್ಸಿನ ಒಳಗೆ ಕೈ ಹಾಕುತ್ತೇವೆ. ‘ಅಲ್ಲಿಯೂ ಸಲ್ಲದವರು, ಇಲ್ಲಿಯೂ ಸಲ್ಲದವರು’, ‘ಗೊಂದಲದವರು’ ಅಂತ. ಇದು ಹಳೆಯ ರೂಢಿ. 1928ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್, 1937ರಲ್ಲಿ ಎವೆರೆಟ್ ಸ್ಟೋನ್‌ಕ್ವಿಸ್ಟ್ ಇಂಥವರನ್ನು ‘ಅಂಚಿನ ಮನುಷ್ಯ’ ಎಂದು ಕರೆದಾಗಿನಿಂದ ಅದು ನಡೆದುಬಂದಿದೆ. ನಾನು ನಿಮ್ಮ ಗಮನವನ್ನು ಬೇರೆ ಕಡೆ ಎಳೆಯಬೇಕೆಂದಿದ್ದೇನೆ. ಈ ಹುಡುಗ ಹುಡುಗಿಯರಿಗೆ ‘ನೀನು ಎಷ್ಟು ಜಪಾನಿ?’ ಎಂದು ಕೇಳುವವರು ಯಾರು, ಯಾವ ಬಾಗಿಲಲ್ಲಿ ನಿಂತು ಕೇಳುತ್ತಾರೆ, ಯಾವ ಅಳತೆ ಇಟ್ಟುಕೊಂಡು ಕೇಳುತ್ತಾರೆ? ಒಳಗಿನ ಗೊಂದಲ ಎಂದು ನಾವು ಬರೆದುಕೊಂಡದ್ದರಲ್ಲಿ ಬಹುಪಾಲು, ನನ್ನ ಪ್ರಕಾರ, ಆ ಬಾಗಿಲುಗಳ ಗೊಂದಲ.

ಮೊದಲು ಒಂದು ವಿಂಗಡಣೆ ಮಾಡಿಕೊಳ್ಳೋಣ. ಇದನ್ನು ಮಾಡದೆ ಬರೆದ ಪ್ರಬಂಧಗಳು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತವೆ. ಜಪಾನಿ ವಲಸಿಗರಲ್ಲಿ ತಲೆಮಾರುಗಳಿಗೆ ಹೆಸರಿದೆ: ಹೋಗಿ ನೆಲೆಸಿದವರು ಇಸ್ಸೇಯಿ, ಅವರ ಮಕ್ಕಳು ನಿಸೇಯಿ, ಆಮೇಲೆ ಸಾನ್ಸೇಯಿ, ಯೋನ್ಸೇಯಿ. ಎಲ್ಲ ಸೇರಿ ನಿಕ್ಕೇಯಿ. ಲಾಸ್ ಏಂಜಲಿಸ್‌ನ ಯೋನ್ಸೇಯಿ ಹುಡುಗನ ಮುತ್ತಜ್ಜ 1924ಕ್ಕೆ ಮುಂಚೆ ಬಂದವನು. ಆ ವರ್ಷದ ಕಾಯ್ದೆ ಜಪಾನಿನಿಂದ ವಲಸೆಯನ್ನೇ ನಿಲ್ಲಿಸಿತು. ಹುಡುಗನ ಮನೆಯಲ್ಲಿ ಜಪಾನಿ ಭಾಷೆ ಎರಡು ತಲೆಮಾರಿನ ಹಿಂದೆಯೇ ನಿಂತಿದೆ. ಇದು ಒಂದು ಗುಂಪು. ಎರಡನೆಯದು, ಯುದ್ಧದ ನಂತರ ಅಮೆರಿಕದ ಸೈನಿಕರನ್ನು ಮದುವೆಯಾಗಿ ಹೋದ ನಲವತ್ತು ಸಾವಿರಕ್ಕೂ ಹೆಚ್ಚು ಜಪಾನಿ ಹೆಂಗಸರ ಮಕ್ಕಳು, ಮೊಮ್ಮಕ್ಕಳು. ಇವರು ಬೆಳೆದದ್ದು ಸೇನಾ ನೆಲೆಗಳ ಸುತ್ತಲಿನ ಊರುಗಳಲ್ಲಿ, ಹಳೆಯ ನಿಕ್ಕೇಯಿ ಪೇಟೆಗಳಿಂದ ದೂರ. ಮೂರನೆಯದು, ಈಚಿನ ದಶಕಗಳಲ್ಲಿ ಓದಲು, ಕೆಲಸಕ್ಕೆ ಹೋಗಿ ಅಲ್ಲಿಯವರನ್ನು ಮದುವೆಯಾದವರ ಮಕ್ಕಳು. ಇವರಿಗೆ ಅಜ್ಜಿ ಇನ್ನೂ ಜಪಾನಿನಲ್ಲಿದ್ದಾಳೆ, ಬೇಸಿಗೆಗೆ ಹೋಗಿ ಬರುತ್ತಾರೆ. ನಾಲ್ಕನೆಯದು ಬ್ರೆಜಿಲ್, ಪೆರು. ಅಲ್ಲಿಯ ಕಥೆಯೇ ಬೇರೆ. ಈ ನಾಲ್ವರಿಗೂ ‘ಅರ್ಧ ಜಪಾನಿ’ ಎಂದು ಒಂದೇ ಚೀಟಿ ಅಂಟಿಸಿದರೆ ಮುಂದಿನ ಯಾವ ಮಾತೂ ಹೊಂದುವುದಿಲ್ಲ.

ಪಾಲಿನ ಲೆಕ್ಕ ಎಷ್ಟು ಕ್ರೂರವಾಗಬಲ್ಲದು ಎನ್ನುವುದಕ್ಕೆ 1942 ನೋಡಿ. ಅಮೆರಿಕ ಆಗ ಜಪಾನಿನೊಡನೆ ಯುದ್ಧದಲ್ಲಿತ್ತು; ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಿಂದ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದರು. ಜಪಾನಿ ರಕ್ತದ ಸಣ್ಣ ಪಾಲು ಇದ್ದವರನ್ನೂ ಬಿಡಲಿಲ್ಲ. ಅನಾಥಾಲಯಗಳಲ್ಲಿ ಹುಡುಕಿ ಮಕ್ಕಳನ್ನು ತಂದರು. ಕ್ಯಾಲಿಫೋರ್ನಿಯಾದ ಮಾಂಜನಾರ್ ಶಿಬಿರದ ‘ಮಕ್ಕಳ ಹಳ್ಳಿ’ಯಲ್ಲಿ ಒಟ್ಟು 101 ಮಕ್ಕಳು ಇದ್ದರು. ಅವರಲ್ಲಿ ಕೆಲವರು ಮಿಶ್ರಮೂಲದವರು, ತಾವು ಜಪಾನಿ ಎಂದು ಆವರೆಗೆ ಗೊತ್ತೇ ಇರದವರು. ಆ ವರ್ಷದ ಮಧ್ಯದಲ್ಲಿ ಮಿಶ್ರ ವಿವಾಹದ ಮನೆಗಳಿಗೆಂದು ಒಂದು ವಿನಾಯಿತಿ ಬಂತು. ಗಂಡ ಬಿಳಿಯ, ಹೆಂಡತಿ ಜಪಾನಿ ಆಗಿದ್ದರೆ ಮಕ್ಕಳ ಸಮೇತ ಕರಾವಳಿಯ ತಮ್ಮ ಮನೆಗೆ ಮರಳಬಹುದು. ಗಂಡ ಜಪಾನಿ, ಹೆಂಡತಿ ಬಿಳಿಯಳು ಆಗಿದ್ದರೆ ಶಿಬಿರದಿಂದ ಬಿಡುಗಡೆ ಸಿಕ್ಕರೂ ಕರಾವಳಿ ವಲಯದ ಹೊರಗೇ ಇರಬೇಕು. ಎರಡೂ ಮನೆಯ ಮಕ್ಕಳಲ್ಲಿ ಜಪಾನಿ ಪಾಲು ಅಷ್ಟೇ, ಅರ್ಧ. ಆದರೆ ಮನೆಯ ಯಜಮಾನ ಯಾರೋ ಮನೆಯ ಸಂಸ್ಕೃತಿಯೂ ಅವನದೇ ಎಂದು ಸೇನೆಯವರು ತೀರ್ಮಾನಿಸಿದ್ದರು. ರಕ್ತದ ಲೆಕ್ಕ ಹಿಡಿದು ಒಳಗೆ ತಳ್ಳಿದರು, ಅಪ್ಪನ ಲೆಕ್ಕ ಹಿಡಿದು ಹೊರಗೆ ಬಿಟ್ಟರು.

ಇಂಥ ಲೆಕ್ಕ ಸರ್ಕಾರದ್ದು ಮಾತ್ರ ಅಂದುಕೊಳ್ಳಬೇಡಿ. ಸಮುದಾಯವೂ ಇಟ್ಟುಕೊಂಡಿತ್ತು. ಲಾಸ್ ಏಂಜಲಿಸ್‌ನಲ್ಲಿ 1934ರಿಂದ ‘ನಿಸೇಯಿ ವಾರ’ ಎಂಬ ಹಬ್ಬ ನಡೆಯುತ್ತದೆ. ಅದರ ರಾಣಿ ಸ್ಪರ್ಧೆಗೆ ನಿಲ್ಲಲು ಇಂತಿಷ್ಟು ಪಾಲು ಜಪಾನಿ ವಂಶ ಇರಬೇಕೆಂಬ ನಿಯಮ ಮಾಡಿಕೊಂಡರು. ಮಿಶ್ರಮೂಲದ ಹುಡುಗಿಯರು ಗೆಲ್ಲತೊಡಗಿದಾಗ ‘ಇವಳ ಮುಖ ನಮ್ಮ ಸಮುದಾಯದ ಮುಖವೇ?’ ಎಂದು ದೊಡ್ಡ ವಾದವೇ ನಡೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಜಪಾನಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಲೀಗ್‌ಗಳಲ್ಲೂ ಹಾಗೆಯೇ. ತಂಡದಲ್ಲಿ ಎಷ್ಟು ಮಂದಿ ಹೊರಗಿನವರು ಇರಬಹುದು, ‘ನಮ್ಮವರು’ ಅಂದರೆ ಯಾರು ಎಂಬ ನಿಯಮಗಳಿದ್ದವು. ಇದನ್ನು ಬರೀ ಸಂಕುಚಿತತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಕಾಲದಲ್ಲಿ ಬಿಳಿಯರ ತಂಡಗಳು ಸೇರಿಸಿಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೇ ಬೆಳೆದ ಲೀಗ್‌ಗಳು ಇವು. ಹೊರಗಿಟ್ಟವರಿಂದ ತಪ್ಪಿಸಿಕೊಳ್ಳಲು ಕಟ್ಟಿದ ಬೇಲಿ ಮೊಮ್ಮಕ್ಕಳ ಕಾಲಕ್ಕೆ ಮೊಮ್ಮಕ್ಕಳಿಗೇ ಅಡ್ಡ ಬಂತು. ಈಗ ಆ ಅಂಗಳಗಳಲ್ಲಿ ಆಡುವ ಮಕ್ಕಳಲ್ಲಿ ಮಿಶ್ರಮೂಲದವರು ತುಂಬ ಇದ್ದಾರೆ. ಅವರನ್ನು ಬಿಟ್ಟು ಲೀಗ್ ನಡೆಸುವುದು ಕಷ್ಟ.

ಸ್ವಲ್ಪ ಹಾದಿ ತಪ್ಪಿ ಆಸ್ಟ್ರೇಲಿಯಾಕ್ಕೆ ಹೋಗಿ ಬರೋಣ. ಪಶ್ಚಿಮ ಆಸ್ಟ್ರೇಲಿಯಾದ ಬ್ರೂಮ್ ಎಂಬ ಊರು ಮುತ್ತಿನ ಚಿಪ್ಪಿಗೆ ಹೆಸರಾದದ್ದು. ಅಲ್ಲಿ ಮುಳುಗಿ ಚಿಪ್ಪು ತೆಗೆಯಲು ಜಪಾನಿ ಮುಳುಗುಗಾರರು ಬಂದರು. ಬಿಳಿಯರಲ್ಲದವರ ವಲಸೆಯನ್ನು ತಡೆಯುವ ‘ಬಿಳಿಯರ ಆಸ್ಟ್ರೇಲಿಯಾ’ ನೀತಿ ಜಾರಿಯಲ್ಲಿದ್ದಾಗಲೂ ಈ ಕಸುಬಿಗೆ ಮಾತ್ರ ವಿನಾಯಿತಿ ಇತ್ತು. ಕೆಲವರು ಅಲ್ಲಿಯ ಮೂಲನಿವಾಸಿ ಹೆಂಗಸರೊಡನೆ ಸಂಸಾರ ಕಟ್ಟಿದರು. ಇಂದಿಗೂ ಬ್ರೂಮ್‌ನಲ್ಲಿ ಜಪಾನಿ ಅಡ್ಡಹೆಸರಿನ ಮೂಲನಿವಾಸಿ ಕುಟುಂಬಗಳಿವೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆಸ್ಟ್ರೇಲಿಯಾ ಸರ್ಕಾರ ಮೂಲನಿವಾಸಿ ಯಾರು ಎಂದು ಗುರುತಿಸಲು ಈಗ ಬಳಸುವುದು ಮೂರು ಮಾತು: ವಂಶ ಇರಬೇಕು, ತಾನು ಮೂಲನಿವಾಸಿ ಎಂದು ವ್ಯಕ್ತಿ ಹೇಳಿಕೊಳ್ಳಬೇಕು, ಸಮುದಾಯ ಒಪ್ಪಬೇಕು. ಎಷ್ಟು ಪಾಲು ವಂಶ ಎಂದು ಕೇಳುವುದಿಲ್ಲ. ಹೀಗಾಗಿ ಬ್ರೂಮ್‌ನ ಹುಡುಗಿಯೊಬ್ಬಳು ಪೂರ್ತಿ ಮೂಲನಿವಾಸಿಯಾಗಿಯೂ ಜಪಾನಿ ಅಜ್ಜನ ಮೊಮ್ಮಗಳಾಗಿಯೂ ಇರಬಹುದು. ಒಂದನ್ನು ಕಳೆದು ಇನ್ನೊಂದನ್ನು ಬರೆಯಬೇಕಾಗಿಲ್ಲ.

ಈಗ ಶಾಲೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮೂರನೆಯ ಗುಂಪಿನ ಮಕ್ಕಳ ಗುರುತು ಬಹುಮಟ್ಟಿಗೆ ತೀರ್ಮಾನವಾಗುವುದು ಶನಿವಾರ. ‘ಹೊಶೂಕೊ’ ಅಂದರೆ ಹೊರದೇಶದಲ್ಲಿ ಶನಿವಾರ ನಡೆಯುವ ಪೂರಕ ಜಪಾನಿ ಶಾಲೆ. ಬೆಂಗಳೂರಿನಲ್ಲೂ ಇಂಥದೊಂದಿದೆ. ಕಂಪನಿ ಕೆಲಸಕ್ಕೆ ಬಂದು ನಾಲ್ಕೈದು ವರ್ಷದಲ್ಲಿ ಮರಳುವವರ ಮಕ್ಕಳು ಜಪಾನಿನ ಪಾಠದಲ್ಲಿ ಹಿಂದೆ ಬೀಳಬಾರದು ಎಂಬುದು ಇದರ ಮೂಲ ಉದ್ದೇಶ. ಹಾಗಾಗಿ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು, ಪುಸ್ತಕವೂ ಜಪಾನಿನದೇ. ಜಪಾನಿ ಪೌರತ್ವವಿರುವ ಮಕ್ಕಳಿಗೆ ಆ ಪುಸ್ತಕಗಳು ದೂತಾವಾಸದ ಮೂಲಕ ಉಚಿತವಾಗಿ ಬರುತ್ತವೆ. ಜಪಾನಿನ ಮಕ್ಕಳು ಇನ್ನೂರು ದಿನ ಓದುವುದನ್ನು ಇಲ್ಲಿ ಸುಮಾರು ನಲವತ್ತು ಶನಿವಾರಗಳಲ್ಲಿ ಮುಗಿಸಬೇಕು. ಮುಗಿಯದ್ದೆಲ್ಲ ಮನೆಪಾಠ.

ಪ್ರಾಥಮಿಕ ಶಾಲೆಯ ಆರು ವರ್ಷಕ್ಕೆ ಒಟ್ಟು 1,026 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು. ಒಂದನೇ ತರಗತಿಗೆ 80, ಎರಡಕ್ಕೆ 160, ಮೂರಕ್ಕೆ 200, ನಾಲ್ಕಕ್ಕೆ 202. ಮೂರನೇ ತರಗತಿಯ ಕೊನೆಗೆ 440, ನಾಲ್ಕರ ಕೊನೆಗೆ 642. ಮಿಶ್ರಮೂಲದ ಮಕ್ಕಳು ಮುಗ್ಗರಿಸುವುದು ಸಾಮಾನ್ಯವಾಗಿ ಈ ಮೂರು, ನಾಲ್ಕರ ನಡುವೆ. ಅಕ್ಷರಗಳ ಎಣಿಕೆಗಿಂತ ದೊಡ್ಡ ಕಾರಣ ಬೇರೆ ಇದೆ. ಆವರೆಗೆ ಪಾಠದಲ್ಲಿದ್ದದ್ದು ನಾಯಿ, ಮಳೆ, ಅಜ್ಜಿಮನೆ. ಈಗ ಪಾಠ ‘ಆವಿಯಾಗುವಿಕೆ’, ‘ಒಪ್ಪಂದ’, ‘ಪ್ರಾಂತ್ಯ’ ಅನ್ನತೊಡಗುತ್ತದೆ. ಇಂಥ ಪದಗಳೆಲ್ಲ ಎರಡೆರಡು ಕಾಂಜಿ ಕೂಡಿ ಆದವು. ಜಪಾನಿನ ಮಗು ಇವನ್ನು ಟಿವಿಯಲ್ಲಿ, ಅಂಗಡಿಯ ಬೋರ್ಡಿನಲ್ಲಿ ಕೇಳಿ, ನೋಡಿ ಬಂದಿರುತ್ತದೆ. ಈ ಮಗುವಿಗೆ ಅಮ್ಮ ಹೇಳುವುದು ‘ಬೇಗ ತಿನ್ನು’, ‘ಹಲ್ಲುಜ್ಜು’, ‘ಶೂ ಬಿಚ್ಚಿಡು’. ಮನೆಯ ಮಾತಿನಲ್ಲಿ ಚುರುಕಾಗಿರುವ ಮಗು ಪುಸ್ತಕದ ಮುಂದೆ ಮೂಕವಾಗುತ್ತದೆ. ಅಪ್ಪನಿಗೆ ಓದಲು ಬಾರದು, ಅಮ್ಮನೊಬ್ಬಳೇ ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಕೂರಿಸಿ ಬರೆಸುತ್ತಾಳೆ. ಅದೇ ಶನಿವಾರ ಬೆಳಿಗ್ಗೆ ಊರ ಫುಟ್‌ಬಾಲ್ ಪಂದ್ಯವೂ ಇರುತ್ತದೆ.

ಇದರ ಮೇಲೆ ಇನ್ನೊಂದು. ವಾರದ ಐದು ದಿನ ಊರ ಶಾಲೆಯಲ್ಲಿ ಈ ಮಗು ‘ಜಪಾನಿ ಮಗು’: ಡಬ್ಬಿಯಲ್ಲಿ ಅನ್ನದುಂಡೆ, ಅದಕ್ಕೆ ಸುತ್ತಿದ ಕಪ್ಪು ಕಡಲಹಾಳೆ. ಆರನೆಯ ದಿನ ಅದೇ ಮಗು ‘ವಿದೇಶಿ ಮಗು’: ಉಚ್ಚಾರ ತುಸು ಬೇರೆ, ಓದುವುದು ನಿಧಾನ, ಹಿರಿಯರಿಗೆ ಹೇಳುವ ಗೌರವದ ಮಾತು ಬಾರದು. ಕಂಪನಿಯವರ ಮಕ್ಕಳ ಜೊತೆ ಗೆಳೆತನ ಕುದುರುವಷ್ಟರಲ್ಲಿ ಮಾರ್ಚ್ ಬರುತ್ತದೆ, ಅವರು ಜಪಾನಿಗೆ ಮರಳುತ್ತಾರೆ. ಹತ್ತನೇ ವಯಸ್ಸಿಗೆ ಮಗು ‘ನಾನಿನ್ನು ಹೋಗುವುದಿಲ್ಲ’ ಅನ್ನುತ್ತದೆ. ಮನೆಯವರೂ ಸಂಶೋಧಕರೂ ಇದನ್ನು ‘ಜಪಾನಿ ಗುರುತನ್ನು ನಿರಾಕರಿಸಿತು’ ಎಂದು ಓದುತ್ತಾರೆ. ಬಹಳ ಸಲ ಅದು ನಿರಾಕರಿಸಿದ್ದು ಮನೆಪಾಠವನ್ನು. ಹತ್ತು ವರ್ಷ ಕಳೆದು ಕಾಲೇಜಿನಲ್ಲಿ ಅದೇ ಹುಡುಗಿ ಜಪಾನಿ ತರಗತಿಗೆ ಹೆಸರು ಕೊಡುವುದು ಅಪರೂಪವೇನಲ್ಲ. ಅಲ್ಲಿ ಅವಳಿಗೆ ಸರಿಯಾದ ತರಗತಿ ಸಿಗುವುದಿಲ್ಲ ಎನ್ನುವುದು ಇನ್ನೊಂದು ತಾಪತ್ರಯ: ಮಾತಿನಲ್ಲಿ ಮೂರನೇ ವರ್ಷದವಳು, ಬರವಣಿಗೆಯಲ್ಲಿ ಮೊದಲ ವರ್ಷದವಳು.

ಕೆಲಸಕ್ಕೆ ಬಂದ ಪರಿಹಾರಗಳೂ ಇವೆ. ಕೆಲವು ಹೊಶೂಕೊಗಳು ‘ಕೇಯಿಶೋಗೊ’, ಅಂದರೆ ಮನೆತನದಿಂದ ಬಂದ ಭಾಷೆಯಾಗಿ ಕಲಿಸುವ ಬೇರೆ ವಿಭಾಗ ತೆರೆದಿವೆ. ಅಲ್ಲಿ ವಯಸ್ಸಿಗೆ ತಕ್ಕ ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕ ತರಗತಿ. ಕಾಂಜಿ ಬರೆಯುವುದಕ್ಕೆ ಮುಂಚೆ ಗುರುತಿಸಿ ಓದುವುದು ಸಾಕು. ಮಗು ತಾನು ಊರ ಶಾಲೆಯಲ್ಲಿ ಮಾಡಿದ ವಿಜ್ಞಾನದ ಪಾಠವನ್ನೇ ಜಪಾನಿಯಲ್ಲಿ ಹೇಳಬೇಕು. ಆಗ ‘ಆವಿಯಾಗುವಿಕೆ’ ಗೊತ್ತಿರುವ ಸಂಗತಿಗೆ ಸಿಕ್ಕ ಹೊಸ ಹೆಸರಾಗುತ್ತದೆ. ಹೊರದೇಶಗಳಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರು ಈ ಕೊನೆಯ ಉಪಾಯವನ್ನು ಎರವಲು ಪಡೆಯಬಹುದು. ನಮ್ಮಲ್ಲಿ ಕಾಂಜಿಯ ಹೊರೆ ಇಲ್ಲ, ಆದರೆ ಅಡುಗೆಮನೆಯ ಮಾತಿನಿಂದ ಪುಸ್ತಕದ ಮಾತಿಗೆ ದಾಟುವ ಕಂದಕ ಅಲ್ಲೂ ಇದೆ.

ಹೆಸರಿನ ವಿಚಾರ. ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿ. ಒಬ್ಬಳು ಎಮಿ ತನಾಕಾ: ಅಪ್ಪ ಯೋನ್ಸೇಯಿ, ಅಮ್ಮ ಐರಿಶ್ ಮೂಲದವಳು, ಮನೆಯಲ್ಲಿ ಜಪಾನಿ ಒಂದು ವಾಕ್ಯವೂ ಇಲ್ಲ. ಇನ್ನೊಬ್ಬಳು ಎಮಿ ಜಾನ್ಸನ್: ಅಮ್ಮ ನಗೋಯಾದವಳು, ಮಗಳು ಜಪಾನಿಯಲ್ಲೇ ಜಗಳವಾಡಬಲ್ಲಳು. ಹಾಜರಿ ಪಟ್ಟಿ ನೋಡಿದ ಮೇಷ್ಟ್ರು ಜಪಾನಿನ ಪ್ರಶ್ನೆ ಕೇಳುವುದು ತನಾಕಾಳನ್ನು. ಹೊಸದಾಗಿ ಹೋದವರ ಮನೆಗಳಲ್ಲಿ ಸಾಮಾನ್ಯವಾಗಿ ಅಡ್ಡಹೆಸರು ಅಪ್ಪನಿಂದ ಬರುತ್ತದೆ, ಮಾತು ಅಮ್ಮನಿಂದ. ಹಾಗಾಗಿ ಹೆಸರಿನಲ್ಲಿ ಕಾಣುವ ಜಪಾನ್ ಮತ್ತು ಬಾಯಲ್ಲಿರುವ ಜಪಾನ್ ಒಂದೇ ಮಗುವಿನಲ್ಲಿ ಕೂಡುವುದು ನಾವು ಎಣಿಸಿದಷ್ಟು ಸಾಮಾನ್ಯವಲ್ಲ. ಎಮಿ, ನವೋಮಿ, ಮಾರಿ, ಕೆನ್, ಎರಿಕಾ ಇಂಥ ಹೆಸರುಗಳನ್ನು ತಂದೆತಾಯಿ ಹುಡುಕಿ ಇಡುವುದು ಎರಡೂ ಭಾಷೆಯಲ್ಲಿ ಸಲ್ಲಲಿ ಎಂದೇ.

ಜಾನ್ಸನ್ ಹುಡುಗಿಯ ಜಪಾನಿ ಪಾಸ್‌ಪೋರ್ಟ್ ತೆರೆದರೆ ಅದರಲ್ಲಿ ‘ಸುಜುಕಿ ಎಮಿ’ ಎಂದಿರಬಹುದು. ಜಪಾನಿನಲ್ಲಿ ಪೌರರ ದಾಖಲೆ ಅಂದರೆ ‘ಕೊಸೇಕಿ’, ಮನೆತನದ ಪಟ್ಟಿ. ವಿದೇಶಿ ಗಂಡ ಅದರಲ್ಲಿ ಸದಸ್ಯನಾಗಿ ಸೇರುವುದಿಲ್ಲ. ಅವನು ಹೆಂಡತಿಯ ಪುಟದಲ್ಲಿ ಒಂದು ಟಿಪ್ಪಣಿ. ಮಗು ಅಮ್ಮನ ಪಟ್ಟಿಗೆ ಸೇರಿ ಅವಳ ಅಡ್ಡಹೆಸರನ್ನೇ ಪಡೆಯುತ್ತದೆ. ಅಮ್ಮ ಗಂಡನ ಅಡ್ಡಹೆಸರಿಗೆ ಬದಲಾಗಬೇಕಿದ್ದರೆ ಮದುವೆಯಾದ ಆರು ತಿಂಗಳೊಳಗೆ ಬರೆದುಕೊಟ್ಟರೆ ಸಾಕು. ತಡವಾದರೆ ಕುಟುಂಬ ನ್ಯಾಯಾಲಯದ ಅನುಮತಿ ಬೇಕು. ನಡುಹೆಸರಿಗೆ ಕೊಸೇಕಿಯಲ್ಲಿ ಜಾಗವೇ ಇಲ್ಲ. ಹೀಗೆ ಎರಡು ದೇಶದಲ್ಲಿ ಎರಡು ಕಾನೂನುಬದ್ಧ ಹೆಸರು ಹೊತ್ತ ಹುಡುಗಿ ವಿಮಾನದ ಟಿಕೆಟ್ ಕೊಳ್ಳುವಾಗ ಯಾವ ಹೆಸರು ಬರೆಯಬೇಕು ಎಂದು ಪ್ರತಿ ಬೇಸಿಗೆ ಯೋಚಿಸುತ್ತಾಳೆ. ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರನ್ನು ಆವರಣದಲ್ಲಿ ಸೇರಿಸಲು ಅರ್ಜಿ ಹಾಕಬಹುದು, ಗೊತ್ತಿದ್ದವರು ಹಾಕುತ್ತಾರೆ.

ಪೌರತ್ವದ ಬಾಗಿಲು ಇನ್ನೂ ಕಟ್ಟುನಿಟ್ಟು. 1985ರ ಜನವರಿ 1ರವರೆಗೆ ಜಪಾನಿ ಪೌರತ್ವ ಇಳಿಯುತ್ತಿದ್ದದ್ದು ಅಪ್ಪನಿಂದ. ಜಪಾನಿ ತಾಯಿಗೆ ವಿದೇಶಿ ಗಂಡನಿಂದ ಹುಟ್ಟಿದ ಮಗು ಜಪಾನಿ ಅಲ್ಲ. ಆಮೇಲೆ ಅಮ್ಮನಿಂದಲೂ ಬರುವಂತಾಯಿತು. ಆದರೆ ಹೊರದೇಶದಲ್ಲಿ ಹುಟ್ಟಿ ಅಲ್ಲಿಯ ಪೌರತ್ವವನ್ನೂ ಪಡೆದ ಮಗುವಿನ ಹೆಸರಲ್ಲಿ ಮೂರು ತಿಂಗಳೊಳಗೆ ‘ಜಪಾನಿ ಪೌರತ್ವ ಉಳಿಸಿಕೊಳ್ಳುತ್ತೇವೆ’ ಎಂದು ಜನನ ವರದಿಯೊಂದಿಗೆ ಬರೆದುಕೊಡಬೇಕು. ತಪ್ಪಿದರೆ ಹುಟ್ಟಿದ ದಿನದಿಂದಲೇ ಪೌರತ್ವ ಇರಲಿಲ್ಲ ಎಂದಾಗುತ್ತದೆ. ಅದನ್ನು ಮರಳಿ ಪಡೆಯುವ ಸರಳ ದಾರಿ ಒಂದೇ: 18 ತುಂಬುವ ಮುಂಚೆ ಜಪಾನಿನಲ್ಲಿ ನೆಲೆಸಿ ಅರ್ಜಿ ಕೊಡುವುದು. ಫಿಲಿಪೀನ್ಸ್‌ನಲ್ಲಿ ಜಪಾನಿ ಅಪ್ಪಂದಿರಿಗೆ ಹುಟ್ಟಿದ ಮಕ್ಕಳು ಈ ಗಡುವಿನ ವಿರುದ್ಧ ಜಪಾನಿನ ಸುಪ್ರೀಂ ಕೋರ್ಟಿಗೆ ಹೋದರು. 2015ರ ಮಾರ್ಚ್‌ನಲ್ಲಿ ಸೋತರು. ಅದಕ್ಕೆ ಮುಂಚೆ, 2008ರ ಜೂನ್ 4ರಂದು, ಇಂಥದೇ ಇನ್ನೊಂದು ಗುಂಪು ಗೆದ್ದಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗುವನ್ನು ಜಪಾನಿ ಅಪ್ಪ ಆಮೇಲೆ ತನ್ನದೆಂದು ಒಪ್ಪಿಕೊಂಡರೂ ತಂದೆತಾಯಿ ಮದುವೆಯಾಗದೆ ಪೌರತ್ವ ಕೊಡುವುದಿಲ್ಲ ಎಂಬ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು ಅದೇ ಕೋರ್ಟು ಹೇಳಿತು.

ಹುಟ್ಟಿನಿಂದ ಎರಡೂ ಪೌರತ್ವ ಇದ್ದವರು ಒಂದನ್ನು ಆರಿಸಬೇಕಾದ ವಯಸ್ಸು ಮೊದಲು 22 ಇತ್ತು, 2022ರ ಏಪ್ರಿಲ್‌ನಿಂದ 20. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ 2019ರಲ್ಲಿ 22 ತುಂಬುವ ಹೊತ್ತಿಗೆ ಜಪಾನನ್ನು ಆರಿಸಿಕೊಂಡದ್ದು ಈ ನಿಯಮದ ಕಾರಣಕ್ಕೆ. ಒಸಾಕಾ ನಗರದಲ್ಲಿ ಹುಟ್ಟಿ, ಮೂರು ವರ್ಷಕ್ಕೆ ಅಮೆರಿಕಕ್ಕೆ ಹೋದ, ಹೈಟಿ ಮೂಲದ ಅಪ್ಪನ ಮಗಳು ಆಕೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಜ್ಯೋತಿ ಹಚ್ಚಿದ್ದೂ ಆಕೆಯೇ. ಬೆಂಗಳೂರಿನಲ್ಲಿ ಜಪಾನಿ ತಾಯಿಗೂ ಕನ್ನಡಿಗ ತಂದೆಗೂ ಹುಟ್ಟಿದ ಮಗುವಿಗೂ ಆ ಮೂರು ತಿಂಗಳ ಗಡುವು ಅನ್ವಯಿಸುತ್ತದೆ. ಮೇಲಾಗಿ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಪೌರತ್ವವಲ್ಲ. ಇಂಥ ಮನೆಗಳವರು ಕೂಸಿನ ನಾಮಕರಣಕ್ಕೆ ಮುಂಚೆಯೇ ದೂತಾವಾಸದಲ್ಲಿ ವಿಚಾರಿಸುವುದು ಒಳ್ಳೆಯದು.

ಬ್ರೆಜಿಲ್‌ಗೆ ಬರೋಣ. 1908ರ ಜೂನ್ 18ರಂದು ಕಸಾತೊ ಮಾರು ಹಡಗು 781 ಜನರನ್ನು ಹೊತ್ತು ಸಾಂತೋಸ್ ಬಂದರಿಗೆ ಬಂತು. 1980ರ ದಶಕದ ಕೊನೆಯಲ್ಲಿ ಸಮುದಾಯದವರೇ ನಡೆಸಿದ ಗಣತಿಯಲ್ಲಿ ಮಿಶ್ರಮೂಲದವರು ನಿಸೇಯಿಗಳಲ್ಲಿ ನೂರಕ್ಕೆ 6, ಸಾನ್ಸೇಯಿಗಳಲ್ಲಿ 42, ಯೋನ್ಸೇಯಿಗಳಲ್ಲಿ 61. ಅಲ್ಲಿ ಲೆಕ್ಕ ನಡೆಯುವುದು ಕಾಗದಕ್ಕಿಂತ ಹೆಚ್ಚಾಗಿ ಮುಖದ ಮೇಲೆ. ಕಣ್ಣು ಹಾಗಿದ್ದರೆ ಬೀದಿಯಲ್ಲಿ ಎಲ್ಲರೂ ‘ಜಪಾ’ ಎಂದು ಕೂಗುತ್ತಾರೆ, ಕೊರಿಯಾದವನಾದರೂ ಅಷ್ಟೇ. ಒಂದೇ ಮನೆಯ ಅಣ್ಣ ‘ಜಪಾ’ ಆಗಿ, ತಂಗಿಯನ್ನು ಯಾರೂ ಏನೂ ಕರೆಯದೆ ಇರುವುದುಂಟು. 1990ರಲ್ಲಿ ಜಪಾನ್ ಸಾನ್ಸೇಯಿಗಳವರೆಗೆ ದೀರ್ಘಾವಧಿ ವೀಸಾ ತೆರೆಯಿತು. ಕಾರ್ಖಾನೆ ಕೆಲಸಕ್ಕೆ ಹೋದ ಬ್ರೆಜಿಲ್ ಜನರ ಸಂಖ್ಯೆ 2007ರ ಹೊತ್ತಿಗೆ ಮೂರು ಲಕ್ಷ ದಾಟಿತು. ಜಪಾನಿನ ಕಾರ್ಖಾನೆ ಊರುಗಳಾದ ಹಮಾಮತ್ಸುವಿನಲ್ಲಿ, ಓಯಿಜುಮಿಯಲ್ಲಿ ಇಳಿದೊಡನೆ ‘ಜಪಾ’ ಎನಿಸಿಕೊಂಡಿದ್ದವನು ‘ಬ್ರೆಜಿಲ್‌ನವನು’ ಆದ.

ಆ ವೀಸಾಕ್ಕೆ ಬೇಕಾದದ್ದು ಅಜ್ಜನ ಕೊಸೇಕಿಯ ಪ್ರತಿ, ಅಲ್ಲಿಂದ ಮೊಮ್ಮಗನವರೆಗೆ ಪ್ರತಿ ತಲೆಮಾರಿನ ಜನನ, ಮದುವೆ ಪತ್ರಗಳು. ಎಡವಟ್ಟಾಗುವುದು ಕಾಗುಣಿತದಲ್ಲಿ. ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡ ಹೆಸರು ಅಪ್ಪನ ಪತ್ರದಲ್ಲಿ ಒಂದು, ಮಗನ ಪತ್ರದಲ್ಲಿ ಇನ್ನೊಂದು. ಅದನ್ನು ತಿದ್ದಿಸಿಕೊಳ್ಳದೆ ಸರಪಳಿ ಕೂಡುವುದಿಲ್ಲ. 2009ರಲ್ಲಿ ಕೆಲಸ ಕುಸಿದಾಗ ಜಪಾನ್ ಸರ್ಕಾರವೇ ತಲೆಗೆ ಮೂರು ಲಕ್ಷ ಯೆನ್, ಅವಲಂಬಿತರಿಗೆ ಎರಡು ಲಕ್ಷ ಕೊಟ್ಟು ‘ಊರಿಗೆ ಹೋಗಿ’ ಎಂದಿತು. 2018ರ ಜುಲೈನಲ್ಲಿ ಯೋನ್ಸೇಯಿಗಳಿಗೂ ವೀಸಾ ಬಂತು, ಆದರೆ ವಯಸ್ಸಿನ ಮಿತಿ, ಜಪಾನಿ ಭಾಷಾ ಪರೀಕ್ಷೆ, ಸಂಸಾರ ಕರೆತರುವಂತಿಲ್ಲ, ವರ್ಷಕ್ಕೆ ನಾಲ್ಕು ಸಾವಿರ ಮಂದಿ ಮಾತ್ರ. ಅಷ್ಟು ಮಂದಿಯೂ ಬರಲಿಲ್ಲ. ಅದರಲ್ಲಿ ಆಶ್ಚರ್ಯವೇನಿದೆ? ಮೊಮ್ಮಗನಿಗೆ ವಂಶ ಸಾಕಾಗಿತ್ತು, ಮೊಮ್ಮಗನ ಮಗನಿಗೆ ವಂಶವೂ ಬೇಕು, ಪರೀಕ್ಷೆಯೂ ಬೇಕು.

ಕೊನೆಗೆ, ಇಲ್ಲಿ ಕೂತಿರುವ ಮನಃಶಾಸ್ತ್ರ, ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ. ಜನಾಂಗೀಯ ಗುರುತನ್ನು ಅಳೆಯಲು ಮನಃಶಾಸ್ತ್ರಜ್ಞೆ ಜೀನ್ ಫಿನ್ನಿಯವರ ಪ್ರಶ್ನಾವಳಿಯನ್ನು ಬಹಳ ಮಂದಿ ಬಳಸುತ್ತಾರೆ. ಅದರ 2007ರ ರೂಪದಲ್ಲಿ ಆರು ವಾಕ್ಯ: ಮೂರು ಹುಡುಕಾಟದ ಬಗ್ಗೆ, ಮೂರು ಬದ್ಧತೆಯ ಬಗ್ಗೆ, ಒಂದೊಂದಕ್ಕೂ ಐದು ಹಂತದ ಉತ್ತರ. ಬಹುಪಾಲು ವಾಕ್ಯಗಳಲ್ಲಿ ಬರುವುದು ‘ನನ್ನ ಜನಾಂಗ’, ಏಕವಚನ. ಜಪಾನಿ ತಾಯಿ, ಮೆಕ್ಸಿಕೊ ತಂದೆ ಇರುವ ಹುಡುಗ ಮೊದಲ ವಾಕ್ಯಕ್ಕೆ ಅಮ್ಮನ ಕಡೆಯವರನ್ನು ನೆನೆದು 5 ಹಾಕುತ್ತಾನೆ, ಮೂರನೆಯದಕ್ಕೆ ಅಪ್ಪನ ಕಡೆಯವರನ್ನು ನೆನೆದು 2 ಹಾಕುತ್ತಾನೆ. ಸರಾಸರಿ ಮೂರೂವರೆ ಬಂದರೆ ನೀವು ‘ಗುರುತು ಮಧ್ಯಮ’ ಎಂದು ಬರೆಯುತ್ತೀರಿ. ಅಂಥ ಮಧ್ಯಮ ಗುರುತು ಯಾರಲ್ಲೂ ಇಲ್ಲ.

ಹಾಗಾಗಿ ಮೊದಲು ಖಾಲಿ ಜಾಗ ಬಿಟ್ಟು ಅವರಿಂದಲೇ ಬರೆಸಿಕೊಳ್ಳಿ, ಎಷ್ಟು ಹೆಸರು ಬರೆದರೂ ಸರಿ. ಬರೆದ ಪ್ರತಿ ಹೆಸರಿಗೂ ಆರು ವಾಕ್ಯಗಳನ್ನು ಬೇರೆ ಬೇರೆಯಾಗಿ ಕೇಳಿ. 1980ರಲ್ಲಿ ಸಂಶೋಧಕಿ ಕ್ರಿಸ್ಟೀನ್ ಹಾಲ್ ಲಾಸ್ ಏಂಜಲಿಸ್‌ನಲ್ಲಿ ಆಫ್ರಿಕನ್ ಅಮೆರಿಕನ್ ಅಪ್ಪ, ಜಪಾನಿ ಅಮ್ಮ ಇದ್ದ 30 ಮಂದಿಯನ್ನು ಮಾತನಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಕಪ್ಪು ಜನ ಎಂದರು, ಇನ್ನು ಕೆಲವರು ಎರಡರಲ್ಲಿ ಯಾವ ಹೆಸರನ್ನೂ ಒಪ್ಪಲಿಲ್ಲ. ಆಯ್ಕೆಯ ಪಟ್ಟಿ ಮೊದಲೇ ಮುಚ್ಚಿದ್ದರೆ ಈ ಎರಡನೆಯವರು ಕಾಣುತ್ತಲೇ ಇರಲಿಲ್ಲ. ಸಂದರ್ಶನದಲ್ಲಿ ‘ನಿನಗೆ ಏನನ್ನಿಸುತ್ತದೆ’ಯಿಂದ ಶುರು ಮಾಡಬೇಡಿ, ಅದಕ್ಕೆ ಅವರ ಬಳಿ ಸಾವಿರ ಸಲ ಹೇಳಿ ನಯವಾದ ಉತ್ತರ ಇರುತ್ತದೆ. ‘ಕಳೆದ ತಿಂಗಳು ಈ ಪ್ರಶ್ನೆ ಯಾರು ಕೇಳಿದರು, ಎಲ್ಲಿ, ನೀನು ಏನು ಹೇಳಿದೆ?’ ಎಂದು ಕೇಳಿ. ಮನೆಯಲ್ಲಿ ಭಾಷೆ ಯಾರಿಂದ, ಅಡ್ಡಹೆಸರು ಯಾರಿಂದ, ಪಾಸ್‌ಪೋರ್ಟ್ ಯಾವುದು ಎನ್ನುವುದನ್ನು ಮೂರು ಬೇರೆ ಕಾಲಮ್ಮುಗಳಲ್ಲಿ ಬರೆದುಕೊಳ್ಳಿ. ವಿಶ್ಲೇಷಣೆಗೆ ಕೂತಾಗ ಒಬ್ಬನೇ ವ್ಯಕ್ತಿ ಕೊಟ್ಟ ಎರಡು ಅಂಕಗಳನ್ನು ಕೂಡಿಸಿ ಎರಡರಿಂದ ಭಾಗಿಸಬೇಡಿ.